ಬೇವಿನ ಬುಡದ ಬಾಟಲಿ

ಅಕ್ಕಲಕೋಟ
೧೭ ಜನವರಿ ೧೯೫೪

ಮುಂಬಯಿಯಲ್ಲಿರುವ ಯಜಮಾನರಿಗೆ ಪುತಳಾಬಾಯಿಯ ಶರಣಾರ್ಥಿ.

ನಿಮ್ಮ ಆರೋಗ್ಯ ಹೇಗಿದೆ? ಕೆಮ್ಮು ಕಡಿಮೆಯಾಯಿತೇ? ಗಿರಣಿಯ ಹತ್ತಿಧೂಳು ಎದೆಗೆ ಒಳ್ಳೆಯದಲ್ಲ, ಬಾಯಿಗೆ ವಸ್ತ್ರ ಕಟ್ಟಿಕೊಳ್ಳಿ. ಅತ್ತೆಯವರು ಗಟ್ಟಿಮುಟ್ಟಾಗಿದ್ದಾರೆ. ಮಾಘದಲ್ಲಿ ನಡೆಯುವ ನಿಮ್ಮ ಎರಡನೆಯ ಮದುವೆಗೆ ಶಾವಿಗೆ ಹೊಸೆಯುತ್ತಿದ್ದಾರೆ. ಹಿಟ್ಟು ನಾದಿ ಕೊಡುವವಳು ನಾನೇ.

ಶ್ರಾವಣದಲ್ಲಿ ಸೊಲ್ಲಾಪುರದ ಡಾಕ್ಟರಬಾಯಿ ನನ್ನ ಗರ್ಭಚೀಲದ ಒಳಪದರವನ್ನು ಕೆರೆದು, ಔಷಧದ ನೀರಿನ ಬಾಟಲಿಯಲ್ಲಿ ಹಾಕಿ, ತಪಾಸಣೆಗೆ ಪುಣೆಗೆ ಕಳಿಸಿರೆಂದು ಅತ್ತೆಯವರ ಕೈಗೆ ಕೊಟ್ಟದ್ದು ನಿಮಗೆ ಗೊತ್ತು. ಮೂರು ತಿಂಗಳು ಉತ್ತರಕ್ಕೆ ಕಾದೆ. ಬರಲಿಲ್ಲ. "ಡಾಕ್ಟರಬಾಯಿಗೂ ತಿಳೀಲಿಲ್ಲ, ಇಕಿ ಬಂಜಿ ಅದಾಳ" ಎಂದು ಅತ್ತೆಯವರು ಓಣಿಗೆಲ್ಲ ಸಾರಿ, ಕುರನೂರದ ಹದಿನಾರರ ಹುಡುಗಿಯನ್ನು ಗೊತ್ತುಮಾಡಿದರು. ನೀವೂ ಹೂಂ ಎಂದು ಕಾರ್ಡು ಬರೆದಿರಿ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಕಾರ್ತಿಕದಲ್ಲಿ ನನ್ನ ಅಣ್ಣ ಧರೆಪ್ಪ ಪುಣೆಯಲ್ಲಿ ವಿಚಾರಿಸಿದ. ಬಾಟಲಿ ಪುಣೆಯನ್ನು ಕಂಡೇ ಇರಲಿಲ್ಲ. ಅತ್ತೆಯವರು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಹೆರಿಗೆಯ ಮೇಲೆ ಬೀಳುವ ಮಾಸು-ಕಸ ಹೂಳುವಂತೆ, ಹಿತ್ತಲ ಬೇವಿನ ಬುಡದಲ್ಲಿ ಹೂತಿದ್ದರು. ಕೇಳಿದ್ದಕ್ಕೆ, "ಹೊಟ್ಟಿ ಒಳಗಿಂದು ಪರಊರಿಗಿ ಹ್ವಾದ್ರ ಕೂಸು ಹ್ಯಾಂಗ ನಿಂತೀತು?" ಎಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೆ. ನಮ್ಮ ಮನೆಯಲ್ಲಿ ಕಸವನ್ನೇ ಹೂತರು.

ಮತ್ತೆ ಕೆರೆಸಿಕೊಂಡು ಅದೇ ನೋವನ್ನು ಎರಡನೆಯ ಸಲ ಉಂಡೆ. ಈ ಸಲ ಬಾಟಲಿಯನ್ನು ಅಣ್ಣನೇ ಪುಣೆಗೆ ಒಯ್ದ. ಆ ಪದರದ ರೋಗಗಳಲ್ಲಿ ಎಷ್ಟೋ ಬಗೆಯಂತೆ: ಬಾವು, ಅತಿಯಾಗಿ ದಪ್ಪವಾಗುವುದು, ಗಂಟು, ಕ್ಷಯ. ಒಂದೊಂದಕ್ಕೂ ಬೇರೆ ಔಷಧ. ನಮ್ಮ ಓಣಿಯಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಹೆಸರು. ನನ್ನದು ಕ್ಷಯ. ಸೂಜಿಯಿಂದ ವಾಸಿಯಾಗುತ್ತದೆ, ಕೂಸಿನ ಮಾತು ಮಾತ್ರ ಕೊಡಲಾರೆ ಎಂದರು ಡಾಕ್ಟರಬಾಯಿ. ಬಸ್ ಸ್ಟ್ಯಾಂಡಿನಲ್ಲಿ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ.

ಅತ್ತೆಯವರ ಆಶೀರ್ವಾದ ನಿಮಗೆ ಇದ್ದೇ ಇದೆ. ನನ್ನ ನಮಸ್ಕಾರವನ್ನೂ ಇಟ್ಟುಕೊಳ್ಳಿ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ
ಪುತಳಾಬಾಯಿ

ತಾ.ಕ.: "ಮನಿಯಾಗ ಯಾರರ ರಕ್ತ ಕೆಮ್ಮಿದ್ರೇನು?" ಎಂದು ಡಾಕ್ಟರಬಾಯಿ ಕೇಳಿದರು. ಮದುವೆಯ ವರ್ಷ ನೀವು ಕೆಮ್ಮಿ ಬಾಯಿ ಒರೆಸಿಕೊಂಡ ದಸ್ತಿಯಲ್ಲಿ ರಕ್ತ ಕಂಡಾಗ ಅತ್ತೆಯವರು, "ಉಷ್ಣ ಆಗ್ಯಾದ, ಹೊರಗ ಬಾಯಿ ಬಿಡಬ್ಯಾಡ" ಎಂದಿದ್ದರು. ಆರು ವರ್ಷ ಬಿಡಲಿಲ್ಲ. ಈಗ ಬಿಟ್ಟೆ. ಈ ರೋಗ ಕೆಮ್ಮಿನಿಂದ ಹತ್ತುತ್ತದಂತೆ. ಎದೆಯ ಫೋಟೋ ತೆಗೆಸಿರಿ. ನಿನ್ನೆ ಕುರನೂರಿಗೆ ಹೋಗಿ, ಹುಡುಗಿಯ ತಂದೆ ಸಾತಲಿಂಗಪ್ಪನವರಿಗೂ ಇದನ್ನೆಲ್ಲ ಹೇಳಿ ಬಂದೆ. ಅತ್ತೆಯವರಿಗೆ ಇನ್ನೂ ಗೊತ್ತಿಲ್ಲ. ಶಾವಿಗೆ ಹೊಸೆಯುತ್ತಲೇ ಇದ್ದಾರೆ.