ನಾನು ಎಣಿಸದೆ ಬಿಟ್ಟ ಹತ್ತೊಂಬತ್ತು ಮಕ್ಕಳು

ಗ್ರಾಮೀಣ ರಸ್ತೆಗಳ ಕಡತಕ್ಕೆ ಸಹಿ ಹಾಕುವ ಮಾನ್ಯರೇ,

ಹನ್ನೆರಡು ಜನ ಕಡಿಮೆ ಇದ್ದೇವೆಂದು ನೀವು ನಮ್ಮ ಜೋಜೋಡೀಹಕ್ಕೆ ರಸ್ತೆ ಕೊಡಲಿಲ್ಲ. ಕಳೆದ ತಿಂಗಳು ನನ್ನ ತಮ್ಮನ ಮಗಳು ಪಾನ್‌ಮುನಿ ಆ ಇಲ್ಲದ ರಸ್ತೆಯಲ್ಲೇ ತೀರಿಕೊಂಡಳು. ಹದಿನೇಳು ವರ್ಷದ ಹುಡುಗಿ. ಈಗ ಹದಿಮೂರು ಜನ ಕಡಿಮೆ ಎಂದು ತಿದ್ದಿಕೊಳ್ಳುವ ತೊಂದರೆಯೂ ನಿಮಗಿಲ್ಲ. ಅವಳು ನಿಮ್ಮ ಪಟ್ಟಿಯಲ್ಲಿ ಯಾವತ್ತೂ ಇರಲೇ ಇಲ್ಲ.

ನಿಯಮ ನನಗೆ ಬಾಯಿಪಾಠವಾಗಿದೆ. ನಮ್ಮಂಥ ಗುಡ್ಡದ ಊರಿನಲ್ಲಿ ಇನ್ನೂರೈವತ್ತು ಜನವಿದ್ದರೆ ರಸ್ತೆ. ಜನಗಣತಿಯ ಪ್ರಕಾರ ನಾವು ಇನ್ನೂರ ಮೂವತ್ತೆಂಟು. ಮೂರನೆಯ ಸಲ ಅರ್ಜಿ ಹಿಡಿದು ಬಂದಾಗ ನಿಮ್ಮ ಗುಮಾಸ್ತರು ನಗುತ್ತ, "ಹಾಂಸ್ದಾ ಅವ್ರೇ, ಹೋಗಿ ಇನ್ನೊಂದು ಡಜನ್ ಹುಟ್ಟಿಸ್ಕೊಂಡ್ ಬನ್ನಿ, ರಸ್ತೆ ತಾನಾಗೇ ಬರುತ್ತೆ" ಎಂದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಎರಡೇ ಮಕ್ಕಳು ಸಾಕು ಎಂಬ ಉಪದೇಶವಿತ್ತು. ಸ್ವಾಮಿ, ನಾವು ಗೋಡೆಯ ಮಾತು ಕೇಳಬೇಕೋ, ಗುಮಾಸ್ತರ ಮಾತು ಕೇಳಬೇಕೋ? ಹೆಚ್ಚು ಹೆತ್ತರೆ ದೇಶಕ್ಕೆ ಹೊರೆ, ಕಡಿಮೆ ಹೆತ್ತರೆ ರಸ್ತೆಗೆ ಅನರ್ಹರು. ಇನ್ನೂರ ಮೂವತ್ತೆಂಟು ಜನರಿಗೆ ಹಾವು ಕಚ್ಚುವುದಿಲ್ಲ, ಹೆರಿಗೆ ನೋವು ಬರುವುದಿಲ್ಲ ಎಂದು ಯಾವ ತಜ್ಞರು ನಿಮಗೆ ವರದಿ ಕೊಟ್ಟರು?

ಆದರೆ ಎಲ್ಲ ತಪ್ಪನ್ನೂ ನಿಮ್ಮ ತಲೆಗೆ ಕಟ್ಟಿದರೆ ನನ್ನ ಆತ್ಮ ಒಪ್ಪುವುದಿಲ್ಲ. ನಾನು ಊರಿನ ಜೋಗ್‌ಮಾಂಝಿ. ಹುಟ್ಟು, ನಾಮಕರಣ, ಮದುವೆ ಎಲ್ಲವೂ ನನ್ನ ಮುಂದೆಯೇ ನಡೆಯಬೇಕು. ಹದಿನೈದು ವರ್ಷದ ಹಿಂದೆ ಗಣತಿಗೆ ಬಂದ ಮೇಷ್ಟ್ರನ್ನು ಮನೆಮನೆಗೆ ಕರೆದೊಯ್ದವನು ನಾನೇ. ನಾವು ಸಂತಾಲರು. ಚಾಚೋ ಛಟಿಯಾರ್ ಎಂಬ ಶಾಸ್ತ್ರವಾಗುವ ತನಕ ಮಗು ನಮ್ಮ ಸಮಾಜದ ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕಾರು ಮನೆಯವರು ಸೇರಿ ಹಲವು ಮಕ್ಕಳಿಗೆ ಒಟ್ಟಿಗೇ ಮಾಡುವುದರಿಂದ ಕೆಲವರಿಗೆ ಅದು ವರ್ಷಗಟ್ಟಲೆ ತಡವಾಗುತ್ತದೆ. ತಮ್ಮನ ಅಂಗಳದಲ್ಲಿ ಎರಡು ವರ್ಷದ ಪಾನ್‌ಮುನಿ ಮಣ್ಣಲ್ಲಿ ಆಡುತ್ತಿದ್ದಳು.

"ಇವಳು?" ಎಂದರು ಮೇಷ್ಟ್ರು.

"ಇವಳದ್ದು ಇನ್ನೂ ಆಗಿಲ್ಲ ಸಾರ್, ಆದ್ಮೇಲೆ ಬರ್ಕೊಳ್ಳಿ" ಎಂದೆ ನಾನು, ದೊಡ್ಡ ಕಾನೂನು ಪಂಡಿತನಂತೆ.

ಬಿಸಿಲಲ್ಲಿ ಬೆಂದಿದ್ದ ಅವರು ಮರುಪ್ರಶ್ನೆ ಕೇಳಲಿಲ್ಲ. ಹೀಗೆ ಊರಲ್ಲಿ ಹತ್ತೊಂಬತ್ತು ಮಕ್ಕಳನ್ನು ಬಿಟ್ಟೆ. ಮುಂದೆ ಅವರೆಲ್ಲರಿಗೂ ಛಟಿಯಾರ್ ಆಯಿತು. ಮೇಷ್ಟ್ರು ಮತ್ತೆ ಬರಲಿಲ್ಲ. ಆ ಹತ್ತೊಂಬತ್ತನ್ನು ಸೇರಿಸಿ ಎಂದು ನಾನು ಬೇಡಿಕೊಂಡರೆ ನಿಮ್ಮ ಕಚೇರಿ, ಮುಂದಿನ ಗಣತಿಯವರೆಗೆ ಕಾಯಿರಿ ಎಂದಿತು.

ಹಾವು ಕಾಯಲಿಲ್ಲ. ಮಧ್ಯಾಹ್ನ ಭತ್ತದ ನಾಟಿ ಮಾಡುತ್ತಿದ್ದಾಗ ಪಾನ್‌ಮುನಿಯ ಕಾಲಿಗೆ ಕಚ್ಚಿತು. ಆಂಬುಲೆನ್ಸ್ ಚಾಲಕ ಫೋನಿನಲ್ಲಿ ಅಂಗಲಾಚಿದ: "ಟಾರು ಮುಗಿಯೋ ಕಡೆ ನಿಂತಿದೀನಿ ಬಾಬಾ, ಮುಂದಕ್ಕೆ ಬಂದ್ರೆ ಚಕ್ರ ಹೂತೋಗುತ್ತೆ. ಬೇಗ ಹೊತ್ಕೊಂಡ್ ಬನ್ನಿ." ಏಳು ಕಿಲೋಮೀಟರು ಕೆಸರು, ಎರಡು ಹಳ್ಳ. ಹಗ್ಗದ ಮಂಚಕ್ಕೆ ಬಿದಿರು ಕಟ್ಟಿ ಎತ್ತಿದೆವು. ನಮ್ಮ ಮದುವೆಯಲ್ಲಿ ಹುಡುಗಿಯನ್ನು ಬುಟ್ಟಿಯಲ್ಲಿ ಕೂರಿಸಿ ಎತ್ತುತ್ತಾರೆ. ಅಷ್ಟು ನೋವಿನಲ್ಲೂ ಅವಳು, "ದೊಡ್ಡಪ್ಪಾ, ಗಂಡು ನೋಡೋಕ್ ಮುಂಚೇನೇ ಎತ್ಕೊಂಡ್ ಹೊರಟ್ರಲ್ಲ. ಬುಟ್ಟಿ ಸಿಗ್ಲಿಲ್ವಾ?" ಎಂದಳು.

"ಸುಮ್ನಿರು ಹುಡುಗಿ, ಭಾರ ಆಗ್ತೀಯ" ಎಂದು ಗದರಿದೆ. ನಾನು ಅವಳಿಗೆ ಆಡಿದ ಕೊನೆಯ ಮಾತು ಅದು.

ಎರಡನೆಯ ಹಳ್ಳ ದಾಟುವಾಗ ಅವಳ ನಾಲಿಗೆ ತೊದಲಿತು. ಟಾರು ಮುಟ್ಟಿದಾಗ ಚಾಲಕ ಓಡಿ ಬಂದು ಕೈ ಹಿಡಿದು ನೋಡಿದ, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಅವಳ ಮುಖಕ್ಕೆ ಹೊದಿಸಿದ. ಅದೇ ಮಂಚವನ್ನು ಅದೇ ಕೆಸರಿನಲ್ಲಿ ಹೊತ್ತು ವಾಪಸು ಬಂದೆವು. ದಾರಿಯಲ್ಲಿ ತಮ್ಮ ಒಂದೇ ಮಾತು ಕೇಳಿದ: "ದಾದಾ, ಅವತ್ತು ಎಣಿಸಿದ್ರೆ ಏನಾಗ್ತಿತ್ತು?" ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಈ ಪ್ರಶ್ನೆಯಲ್ಲಿ ನಿಮ್ಮ ಪಾಲೂ ಇದೆ. ನನ್ನ ಪಾಲಿನದನ್ನು ನಾನು ಸಾಯುವ ತನಕ ಹೊರುತ್ತೇನೆ.

ಪಾನ್‌ಮುನಿಯ ಅಕ್ಕ ಮೈನೋ ಈಗ ಏಳು ತಿಂಗಳ ಬಸುರಿ. ಅವಳನ್ನು ಕಂಡಾಗಲೆಲ್ಲ ನನ್ನ ಕಣ್ಣು ಅವಳ ಹೊಟ್ಟೆಯಿಂದ ಹಳ್ಳದ ಕಡೆಗೆ ಹೋಗುತ್ತದೆ. ನನಗೆ ಪರಿಹಾರ ಬೇಡ, ತನಿಖೆಯೂ ಬೇಡ. ಅವಳ ದಿನ ತುಂಬುವುದರೊಳಗೆ ಗಾಡಿ ನಮ್ಮ ಊರಿನ ತನಕ ಬರುವಂತೆ ಮಾಡಿ. ಜನ ಇನ್ನೂ ಸಾಲದು ಎಂದರೆ ಆ ಹೊಟ್ಟೆಯೊಳಗಿನ ಕೂಸನ್ನೂ ಇವತ್ತೇ ಬರೆದುಕೊಳ್ಳಿ. ಜೋಗ್‌ಮಾಂಝಿಯಾಗಿ ಹೇಳುತ್ತಿದ್ದೇನೆ, ಅದು ನಮ್ಮವರಲ್ಲೊಬ್ಬರು.

ಇಂತಿ,
ಮನುಷ್ಯರನ್ನು ಎಣಿಸಲು ತಡವಾಗಿ ಕಲಿತ
ಜೀತ್‌ರಾಯ್ ಹಾಂಸ್ದಾ, ಜೋಜೋಡೀಹ