ಹಳೇ ಚೂಡಿದಾರಕ್ಕೆ ಇನ್ನೊಂದು ಎಡೆ

ಅಮ್ಮ,

ಹೊಟ್ಟೆನೋವು ಮತ್ತೆ ಶುರುವಾಗಿದೆ, ಸ್ಕ್ಯಾನ್ ಮಾಡ್ಸಕ್ಕೆ ಹೋಗ್ತಾ ಇದೀನಿ. ಹೊಸಹಳ್ಳೀಲಿ ಮೆಟ್ರೋ ಹತ್ತುತೀನಿ. ಗಂಜಿ ಕುಡಿದಿದೀನಿ, ಫೋನ್ ಮಾಡಿ ಮಾಡಿ ಕೇಳ್ಬೇಡ. ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡಿದ್ದಕ್ಕೇ ಹಿಂಗಾಯ್ತು ಅಂತ ಎದುರುಮನೆ ಆಂಟಿ ಹತ್ರ ಶುರು ಹಚ್ಕೋಬೇಡ.

ಮೊನ್ನೆ ಪಿತೃಪಕ್ಷದಲ್ಲಿ ಇಸ್ತ್ರಿ ಅಂಗಡಿ ಕವರ್ ಬಿಚ್ಚಿ ನೋಡದೆ, ಅಜ್ಜಿ ಎಡೆ ಮುಂದೆ ಅವರ ಸೀರೆ ಬದಲು ನನ್ನ ಹಳೇ ದೊಡ್ಡ ಚೂಡಿದಾರ ಇಟ್ಬಿಟ್ಟಿದ್ದೆಯಲ್ಲ. ಬದುಕಿರೋರ ಬಟ್ಟೆ ಯಾರಾದ್ರೂ ಇಡ್ತಾರಾ ಅಂತ ಆಮೇಲೆ ನೋಡಿ ನಾನೇ ಬೈದೆ. ಆದ್ರೆ ನೀನು ರೂಮಿನ ಬಾಗಿಲು ಹಾಕಿ ಹೊರಗೆ ಕಾಯ್ತಾ ಕೂತಿದ್ದಷ್ಟು ಹೊತ್ತು ನಂಗೆ ನೋವೇ ಇರ್ಲಿಲ್ಲ. ಆಪರೇಷನ್ ಆದ್ಮೇಲೆ ಅದೇ ಮೊದಲು.

ಬಾಗಿಲು ತೆಗೆದಾಗ ಎಲೆ ಮೇಲಿದ್ದ ಮುದ್ದೆ ಅರ್ಧ ಖಾಲಿಯಾಗಿತ್ತು. ನಾನು ಬೆಕ್ಕು ಅಂದೆ. ಕಿಟಕಿ ಹಾಕಿತ್ತು ಅಂತ ಇಬ್ರಿಗೂ ಗೊತ್ತು.

ಚೂಡಿದಾರ ಮಂಚದ ಮೇಲೆ ತೆಗೆದಿಟ್ಟಿದೀನಿ. ಮಧ್ಯಾಹ್ನ ಅದರ ಮುಂದೆ ಮುದ್ದೆ, ಸಾರು ಬಡಿಸಿ ಬಾಗಿಲು ಹಾಕು. ನಾನು ಬರೋ ತನಕ ತೆಗೀಬೇಡ.

ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ಒಳಗಿಂದ ನನ್ನ ದನೀಲಿ ‘ಅಮ್ಮ, ಇನ್ನೊಂದು ಮುದ್ದೆ ಹಾಕು’ ಅಂತ ಕೇಳಿದ್ರೆ ಹೋಗ್ಬೇಡ. ಅದು ನಾನಲ್ಲ. ನಂಗೀಗ ಅಷ್ಟು ಹಿಡಿಯಲ್ಲ.

ಮಾನಸ