ಸೇಫ್ಟಿ ಡೋರಿನ ಬೀಗದಕೈ

ಡೊಂಬಿವಲಿ ಪೂರ್ವ
೧೮-೭-೧೯೯೪

ಕಶ್ಯಪನಿಗೆ ಅಕ್ಕ ಪ್ರಿಯಂವದಾ ಬರೆಯುವುದು.

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ಕ್ಷೇಮವೇ ಎಂದು ಕೇಳು ಅಂತ ಅಮ್ಮ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ, ಕೇಳಿದ್ದೇನೆ. ನಿನ್ನ ಕೆಮ್ಮು ಹೇಗಿದೆ, ಉಡುಪಿಯಲ್ಲಿ ಚಿಕ್ಕಮ್ಮ ಕಷಾಯ ಮಾಡಿಕೊಡುತ್ತಾಳೋ ಇಲ್ಲವೋ ಎಂಬುದೂ ಅವಳದೇ ಪ್ರಶ್ನೆ, ನನ್ನದಲ್ಲ. ಅವಳ ಕಣ್ಣಿಗೆ ಪೊರೆ ಬಂದಿರುವುದರಿಂದ ನಾನು ಬರೆಯುವುದು ಅವಳಿಗೆ ಕಾಣುವುದಿಲ್ಲ. ಹಾಗಾಗಿ ಮುಂದಿನದನ್ನು ಧಾರಾಳವಾಗಿ ಬರೆಯುತ್ತೇನೆ.

ಮನೆಗೆ ಹೊಸ ಬಾಗಿಲು ಬಂದಿದೆ. ಕಳೆದ ಸಂಕಷ್ಟಿಯಂದು ನಾವೆಲ್ಲ ಟಿಟ್ವಾಳಾ ಗಣಪತಿಗೆ ಹೋಗಿದ್ದಾಗ ಅಮ್ಮನ ನಾಲ್ಕು ಬಳೆ ಹೋದವಲ್ಲ, ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ನಿನ್ನ ಭಾವ ಹಳೆಯ ಬಾಗಿಲಿನ ಮುಂದೆ ಕಬ್ಬಿಣದ ಜಾಳಿಯ ಸೇಫ್ಟಿ ಡೋರ್ ಹಾಕಿಸಿದರು. ಒಳಗಿನಿಂದ ಅಡ್ಡಪಟ್ಟಿ, ಚೌಕಟ್ಟಿಗೆ ಉದ್ದನೆಯ ಸ್ಕ್ರೂ. ಕಳವಾದ ದಿನ ಹಳೆಯ ಬಾಗಿಲಿನ ಬೀಗ ತೆರೆದು ಕೊಂಡಿಯಲ್ಲೇ ನೇತಾಡುತ್ತಿತ್ತಲ್ಲ, ಕಳ್ಳರ ಹತ್ತಿರ ನೂರು ಬೀಗದಕೈ ಇರುತ್ತವೆ ಎಂದು ಬಿಲ್ಡಿಂಗಿನವರು ಸಮಾಧಾನ ಹೇಳಿದ್ದರು. ಕೆಲಸಕ್ಕೆ ಬಂದ ಕಲಬುರ್ಗಿ ಕಡೆಯ ಬಡಗಿ ಅಂಬಾದಾಸ ಆ ಬೀಗವನ್ನು ಬಿಸಿಲಿಗೆ ಹಿಡಿದು ನೋಡಿ, ‘ಬ್ಯಾರೆ ಚಾವಿ ಹಾಕಿ ತಿರುವಿದ್ರ ಒಳಗ ಗೀರು ಬೀಳ್ತಾವ್ರೀ ಅಕ್ಕಾರ. ಇದನ್ನ ಇದರ ಚಾವೀಲೇ ತಗದಾರ’ ಅಂದ. ಪುಣ್ಯಕ್ಕೆ ಅಮ್ಮ ಒಳಗಿದ್ದಳು.

ಬಡಗಿ ಹೇಳುವ ಮೊದಲೇ ನನಗೆ ಗೊತ್ತಿತ್ತು. ಅಂದು ಮನೆಗೆ ಬಂದಾಗ ದೇವರ ಮಂಟಪದ ಮುಂದೆ ಕಾಲೊರಸು ತೊಯ್ದು ಮುದ್ದೆಯಾಗಿತ್ತು. ಬಚ್ಚಲಲ್ಲಿ ಚೊಂಬು ಬೋರಲು ಬಿದ್ದಿತ್ತು. ಬಳೆಯ ಡಬ್ಬಿ ಇದ್ದದ್ದು ಮಂಟಪದ ಕೆಳಗೆ. ಕಾಲು ತೊಳೆಯದೆ ಅಲ್ಲಿಗೆ ಹೋಗಬಾರದು ಎಂದು ಅಮ್ಮ ನಿನಗೆ ಹೊಡೆದು ಕಲಿಸಿದ್ದಳು. ಈ ಠಾಣೆ-ಕಲ್ಯಾಣದ ಕಡೆ ಯಾವ ಕಳ್ಳ ಕಾಲು ತೊಳೆದು ಕದಿಯುತ್ತಾನೆ ಮಾರಾಯ? ಕದಿಯುವುದಕ್ಕೂ ಮಡಿ! ಎರಡು ವರ್ಷ ನಮ್ಮ ಮನೆಯಲ್ಲಿ ಉಂಡೆ. ವರ್ತಕ ನಗರದ ರೂಮಿಗೆ ಹೋಗುವಾಗ ನಮ್ಮ ಮನೆಯ ಬೀಗದಕೈ ವಾಪಸು ಕೇಳಿದರೆ ಕಳೆದುಹೋಯಿತು ಅಂದೆ. ಬಳೆ ಹೋದ ಮರುವಾರವೇ ಉಡುಪಿಯ ಬಸ್ಸು ಹತ್ತಿದೆ. ನಿನ್ನ ಮೇಲೆ ನನಗೀಗ ಸಿಟ್ಟೂ ಇಲ್ಲ, ಹೇಸಿಗೆ.

ಭಾವನಿಗೆ ಹೇಳಿದ್ದೇನೆ, ಅಮ್ಮನಿಗೆ ಹೇಳಿಲ್ಲ. ಅವಳು ಹಳೇ ಪೇಪರು, ಗುಜರಿ ಕೊಳ್ಳಲು ಬರುವ ಭಂಗಾರ್‌ವಾಲಾನ ಮೇಲೆ ಅನುಮಾನಪಟ್ಟು ದಿನವೂ ಬೈಯುತ್ತಾಳೆ. ಆ ಬಡಪಾಯಿ ನಮ್ಮ ಬಿಲ್ಡಿಂಗಿಗೆ ಬರುವುದನ್ನೇ ಬಿಟ್ಟ. ಕದ್ದವನು ನೀನೆಂದು ಗೊತ್ತಾದರೆ ಅವಳು ಉಳಿಯುವುದಿಲ್ಲ. ಅದೊಂದೇ ಕಾರಣಕ್ಕೆ ಪೊಲೀಸರ ಮುಂದೆ ನಿನ್ನ ಹೆಸರು ನುಂಗಿಕೊಂಡೆ. ಮತ್ತೊಮ್ಮೆ ನುಂಗುವುದಿಲ್ಲ.

ಚಿಕ್ಕಪ್ಪ, ಚಿಕ್ಕಮ್ಮನಿಗೆ ನಮ್ಮ ನಮಸ್ಕಾರ ತಿಳಿಸು. ನಿನಗೆ ಅಮ್ಮನ ಆಶೀರ್ವಾದ ಇದೆ. ನನ್ನದು ಇಲ್ಲ.

ಪ್ರಿಯಂವದಾ

ವಿ.ಸೂ.: ಈ ಕಾಗದ ತರುವ ಪುಂಡರೀಕಾಕ್ಷ ಭಟ್ಟರ ಕೈಯಲ್ಲಿ ಒಂದು ಪೊಟ್ಟಣವೂ ಇದೆ. ಹೊಸ ಬಾಗಿಲಿನ ಮೂರು ಬೀಗದಕೈಗಳಲ್ಲಿ ಒಂದನ್ನು ಅಮ್ಮ ಹಳದಿ ಬಟ್ಟೆಯಲ್ಲಿ ಕಟ್ಟಿ ನಿನಗೆಂದು ತೆಗೆದಿಟ್ಟಳು. ‘ಮಾಣಿ ಬಂದ್ರೆ ಹೊರಗೆ ನಿಲ್ಲುದು ಬೇಡ’ ಅಂದಳು. ಅವಳು ಸ್ನಾನಕ್ಕೆ ಹೋದಾಗ ಗಂಟು ಬಿಚ್ಚಿ ಬದಲಾಯಿಸಿದ್ದೇನೆ. ಒಳಗಿರುವುದು ನನ್ನ ಹಳೆಯ ಟ್ರಂಕಿನದು. ಬೀಗದಕೈ ಸಿಕ್ಕಿತು ಎಂದು ಅಮ್ಮನಿಗೆ ಎರಡು ಸಾಲು ಬರೆದು ಹಾಕು, ಓದಿ ಹೇಳುತ್ತೇನೆ.